ನಕಲು ಬಂದೂಕಿಗೆ ಅದರದೇ ಹೆಸರು ಇರಲಿ

ಎಲ್ಲರಿಗೂ ಶರಣು. ವಿಜಯಪುರದ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿ ಆಯ್ತು.

ನಾನು ಇತಿಹಾಸ ಓದಿದವನಲ್ಲ. ಐಟಿಐನಲ್ಲಿ ಟರ್ನರ್ ವಿಭಾಗದ ಹುಡುಗರಿಗೆ ಲೇಥ್ ಕಲಿಸಿ ರಿಟೈರ್ ಆದವನು. ಕಬ್ಬಿಣ ನೋಡುವ ಕಣ್ಣು ನನಗೆ ಅಲ್ಲಿಂದ ಬಂತು. ಹಳೆಯ ಆಯುಧ ಕೂಡಿಡುವ ಗೆಳೆಯರ ಸಹವಾಸ ಆಮೇಲೆ ಆಯಿತು. ಆ ಗೆಳೆಯರ ನಡುವೆ ಎಷ್ಟೋ ವರ್ಷದಿಂದ ಒಂದು ವಾದ ನಡೆದಿದೆ. ಹಳೆಯ ಮಾದರಿ ನೋಡಿಕೊಂಡು ಈಗ ಮಾಡಿದ ಬಂದೂಕನ್ನು ಅಸಲಿ ಅನ್ನಬೇಕೋ ಬೇಡವೋ?

ಬೆಳಗಾವಿಯ ಹಿರಿಯರೊಬ್ಬರು ಸೈನ್ಯದಲ್ಲಿ ಇದ್ದವರು. ಅವರು ಹೇಳುತ್ತಾರೆ: "ಅದೇ ಅಳತಿ, ಅದೇ ಮದ್ದು, ಅದೇ ಗುಂಡು. ಹಾರಿತಂದ್ರ ಅದು ಬಂದೂಕ ಅಲ್ಲೇನ್ರೀ ಸರ?" ಬಾಗಲಕೋಟೆಯ ಇನ್ನೊಬ್ಬರು ಇದನ್ನು ಒಪ್ಪುವುದಿಲ್ಲ. "ಆ ಕಾಲ ಕಂಡಿಲ್ಲದ ಕಬ್ಬಿಣ ನನಗ ಬ್ಯಾಡ್ರೀ" ಅನ್ನುತ್ತಾರೆ. ಇಬ್ಬರೂ ನನಗೆ ಅಣ್ಣಂದಿರ ಹಾಗೆ. ಇಬ್ಬರ ಮಾತಿನಲ್ಲೂ ಏನೋ ಒಂದು ಬಿಟ್ಟುಹೋಗಿದೆ ಅಂತ ನನಗೆ ಅನ್ನಿಸುತ್ತದೆ. ಅದೇನು ಅಂತ ಹೇಳುವ ಮೊದಲು ನನಗಾದ ಒಂದು ನೋವಿನ ಕಥೆ ಹೇಳುತ್ತೇನೆ.

ಈ ಮೇಜಿನ ಮೇಲೆ ಒಂದು ಪಿಸ್ತೂಲು ಇದೆ, ನೋಡಿ. ಬೆಂಕಿಕಲ್ಲಿನ ಪಿಸ್ತೂಲು. ಪಕ್ಕದ ತಗಡಿನ ಮೇಲೆ ಕಿರೀಟ ಇದೆ, ಕೆಳಗೆ ಇಂಗ್ಲಿಷಿನಲ್ಲಿ 'ಟವರ್' ಅಂತ ಇದೆ. ಹದಿನೈದು ವರ್ಷದ ಹಿಂದೆ ಒಬ್ಬ ವ್ಯಾಪಾರಿಯಿಂದ ಕೊಂಡೆ. "ಕಿತ್ತೂರಿನ ಯುದ್ಧದಾಗ ಬಿಟ್ಟು ಹೋಗಿದ್ದು" ಅಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತುಬಿದ್ದದ್ದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಆ ದಿನದ ಒಂದು ತುಂಡು ನನ್ನ ಕೈಯಲ್ಲಿದೆ ಅಂದುಕೊಂಡೆ. ನಿಜ ಹೇಳುತ್ತೇನೆ, ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೀರು ಹಾಕಿದ್ದೆ. ಮಗಳ ಕಾಲೇಜಿಗೆ ಅಂತ ಇಟ್ಟ ದುಡ್ಡಲ್ಲಿ ಒಂದು ಪಾಲು ಅದಕ್ಕೆ ಹೋಗಿತ್ತು.

ಒಂದು ತಿಂಗಳು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಕಸುಬು ಸುಮ್ಮನೆ ಬಿಡಲಿಲ್ಲ. ಕಲ್ಲು ಹಿಡಿಯುವ ಕುದುರೆಯ ಸ್ಕ್ರೂ ಬಿಚ್ಚಿದೆ. ಸ್ಕ್ರೂವಿನ ಹಲ್ಲು ಅಳೆಯುವ ಥ್ರೆಡ್ ಗೇಜ್ ಇಟ್ಟೆ. ಹಲ್ಲಿಂದ ಹಲ್ಲಿಗೆ 0.8 ಮಿಲಿಮೀಟರ್ ಪಿಚ್, ಕೂದಲಷ್ಟೂ ಬೆಳಕು ಕಾಣದ ಹಾಗೆ ಕೂತಿತು. ಅಂದರೆ ಎಂ5, 5 ಮಿಲಿಮೀಟರ್ ದಪ್ಪದ ಮೆಟ್ರಿಕ್ ಸ್ಕ್ರೂ. ನಿಮ್ಮ ಊರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವಂಥದ್ದು.

ಇದು ಯಾಕೆ ಅಷ್ಟು ದೊಡ್ಡ ಮಾತು? 1824ರಲ್ಲಿ ಸ್ಕ್ರೂಗೆ ಒಂದು ಗೊತ್ತಾದ ಅಳತೆ ಅಂತಲೇ ಇರಲಿಲ್ಲ. ಒಬ್ಬೊಬ್ಬ ಕುಶಲಿ ತನ್ನ ಡೈನಲ್ಲಿ ಕೊರೆದದ್ದೇ ಅಳತೆ. ಈ ಬಂದೂಕಿನ ಸ್ಕ್ರೂ ಆ ಬಂದೂಕಿಗೆ ಕೂರುತ್ತಿರಲಿಲ್ಲ. ಎಲ್ಲರೂ ಒಂದೇ ಥ್ರೆಡ್ ಬಳಸೋಣ ಅಂತ ಜೋಸೆಫ್ ವಿಟ್‌ವರ್ತ್ ಹೇಳಿದ್ದು 1841ರಲ್ಲಿ. ಅದರ ಹಲ್ಲಿನ ಕೋನ 55 ಡಿಗ್ರಿ. ಇವತ್ತಿನ ಮೆಟ್ರಿಕ್ ಥ್ರೆಡ್ 60 ಡಿಗ್ರಿ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಬಂದದ್ದೇ 1950ರ ದಶಕದ ಕೊನೆಗೆ. ಕಿತ್ತೂರಿನ ಯುದ್ಧಕ್ಕೆ ಎಂ5 ಸ್ಕ್ರೂ ಹಾಕಿಕೊಂಡು ಯಾರು ಹೋಗಿದ್ದರು?

ಆಮೇಲೆ ಉಳಿದದ್ದೂ ಕಾಣತೊಡಗಿತು. ನಳಿಗೆಯ ಕಿವಿಗೆ, ಅಂದರೆ ಒಳಗಿನ ಮದ್ದಿಗೆ ಬೆಂಕಿ ಹೋಗುವ ಸಣ್ಣ ತೂತಿಗೆ, ತಂತಿ ಹಾಕಿದೆ. ತುಕ್ಕಿನಿಂದ ಮುಚ್ಚಿದೆ ಅಂದಿದ್ದ ವ್ಯಾಪಾರಿ. ತುಕ್ಕಲ್ಲ, ಗಟ್ಟಿ ಉಕ್ಕು. ಆ ತೂತನ್ನು ಪೂರ್ತಿ ಕೊರೆದೇ ಇರಲಿಲ್ಲ. ನಮ್ಮ ದೇಶದಲ್ಲಿ ಮಾಡಿ ಹೊರಗೆ ಕಳಿಸುವ ಪ್ರತಿಕೃತಿಗಳನ್ನು ಎಷ್ಟೋ ಸಲ ಹೀಗೇ ಕಿವಿ ಕೊರೆಯದೆ ಕಳಿಸುತ್ತಾರೆ, ಆಯುಧ ಅನ್ನಿಸಿಕೊಳ್ಳಬಾರದು ಅಂತ. ತಗಡಿನ ಒಳಮೈ ಅರದಿಂದ ಉಜ್ಜಿದ ಗೆರೆಗಳಿಲ್ಲದೆ, ಎರಕದ ಸಣ್ಣ ಸಣ್ಣ ಗುಳ್ಳೆಗಳಿಂದ ತುಂಬಿತ್ತು. ತುಕ್ಕು ಎಲ್ಲ ಕಡೆ ಒಂದೇ ಸಮ. ಖರೇ ಹಳೆಯ ವಸ್ತುವಿಗೆ ತುಕ್ಕು ಹಾಗೆ ಬರುವುದಿಲ್ಲ. ಮದ್ದು ಸುಡುವ ಕಿವಿಯ ಸುತ್ತ ಲೋಹ ತಿಂದುಹೋಗಿರುತ್ತದೆ, ಹೆಬ್ಬೆರಳು ಕೂರುವ ಕಡೆ ಸವೆದು ನುಣ್ಣಗಾಗಿರುತ್ತದೆ. ಇದಕ್ಕೆ ಆಸಿಡ್ ಸವರಿದ್ದರು, ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡು ಹೋಯಿತು ಅನ್ನುವುದಕ್ಕಿಂತ ಜಾಸ್ತಿ, ಚೆನ್ನಮ್ಮನ ಹೆಸರು ಹೇಳಿ ನನ್ನ ಕಣ್ಣೀರು ಕೊಂಡುಕೊಂಡರಲ್ಲ ಅನ್ನುವ ಸಂಕಟ.

ಹಾಗಾದರೆ ನಾನು ನಕಲುಗಳ ವಿರೋಧಿ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಯಾಕೆಂದರೆ ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ನಾವು ಅಸಲಿ ಅಂತ ಕೈಮುಗಿಯುವ ಬಂದೂಕುಗಳೂ ನಕಲುಗಳೇ. ಬ್ರಿಟಿಷರ 'ಬ್ರೌನ್ ಬೆಸ್' ಬಂದೂಕನ್ನೇ ತೆಗೆದುಕೊಳ್ಳಿ. ಲಂಡನ್ನಿನ ಟವರ್ ಕೋಟೆಯಲ್ಲಿ ಒಂದು ಮಾದರಿ ಬಂದೂಕಿಗೆ ಅರಗಿನ ಮುದ್ರೆ ಒತ್ತಿ ಇಡುತ್ತಿದ್ದರು. ಗುತ್ತಿಗೆದಾರರು ಅದನ್ನು ನೋಡಿ ಸಾವಿರಗಟ್ಟಲೆ ಮಾಡಿಕೊಡುತ್ತಿದ್ದರು. ಮೂಲ ಅನ್ನುವುದು ಆ ಮುದ್ರೆ ಒತ್ತಿದ ಒಂದೇ ಒಂದು. ಯುದ್ಧಕ್ಕೆ ಹೋದದ್ದೆಲ್ಲ ಅದರ ನಕಲು.

ಇದರಲ್ಲಿ ನಮಗೆ ಹತ್ತಿರದ ಇನ್ನೊಂದು ಸಂಗತಿ ಇದೆ. ಈಸ್ಟ್ ಇಂಡಿಯಾ ಕಂಪನಿ ಇಲ್ಲಿಯ ತನ್ನ ಸಿಪಾಯಿಗಳಿಗಾಗಿ 39 ಇಂಚು ನಳಿಗೆಯ ಸರಳ ಬಂದೂಕು ಮಾಡಿಸುತ್ತಿತ್ತು. ಕಡಿಮೆ ಖರ್ಚಿನದು. ಫ್ರೆಂಚರ ಜೊತೆ ಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯಕ್ಕೆ ಬಂದೂಕು ಸಾಲದೆ ಕಂಪನಿಯ ದಾಸ್ತಾನನ್ನೇ ಕೊಂಡರು. 1797ರಲ್ಲಿ ಅದೇ ಮಾದರಿ ಅವರ ಸೈನ್ಯದ ಮಾದರಿಯೂ ಆಯಿತು. ಅದರ ಹೆಸರೇ 'ಇಂಡಿಯಾ ಪ್ಯಾಟರ್ನ್'. ಕಡಿಮೆ ದರ್ಜೆಯ ನಕಲು ಅಂತ ಶುರುವಾದದ್ದು ಕೊನೆಗೆ ತಾನೇ ಮಾದರಿಯಾಗಿ ನಿಂತಿತು.

ನೇಪಾಳದ ಕಥೆ ಇನ್ನೂ ಚಂದ. ಅಲ್ಲಿನ ಕಾರ್ಖಾನೆಗಳಲ್ಲಿ ಬ್ರಿಟಿಷರ ಬ್ರನ್ಸ್‌ವಿಕ್, ಮಾರ್ಟಿನಿ ಮಾದರಿಗಳನ್ನು ನೋಡಿ ಕೈಯಿಂದಲೇ ರೈಫಲ್ ಮಾಡಿದರು. ಕಠ್ಮಂಡುವಿನ ಲಗನ್ ಸಿಲೇಖಾನಾ ಅನ್ನುವ ಹಳೆಯ ಅರಮನೆಯಲ್ಲಿ ಅವು ರಾಶಿ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಆ ರಾಶಿಯನ್ನೇ ಕೊಂಡುಕೊಂಡರು. ಶುರುವಿನಲ್ಲಿ ಸಂಗ್ರಾಹಕರು ಮೂಗು ಮುರಿದರು, ಇಂಗ್ಲೆಂಡಿನದಲ್ಲ ಅಂತ. ನೇಪಾಳದ್ದು ಅಂತಲೇ ಬೆಲೆ ಕೊಟ್ಟು ಹುಡುಕುವವರು ಆಮೇಲೆ ಬಂದರು. ನೇಪಾಳಿ ಸೈನಿಕ ಅದನ್ನು ಹೊತ್ತಿದ್ದ, ಅದು ಅವನ ಅಸಲಿ ಬಂದೂಕು. ಬ್ರಿಟಿಷ್ ಅಂತ ಹೇಳಿ ಮಾರಿದ್ದರೆ ಮಾತ್ರ ಅದು ಖೊಟ್ಟಿ. ನಮ್ಮ ಇಬ್ಬರು ಅಣ್ಣಂದಿರ ಮಾತಿನಲ್ಲೂ ಬಿಟ್ಟುಹೋದದ್ದು ಇದೇ, ಯಾವ ಹೆಸರಿನಲ್ಲಿ ಕೊಡುತ್ತೇವೆ ಅನ್ನುವುದು.

ಇಳಕಲ್ ಸೀರೆ ಉಡುವ ಅಕ್ಕಂದಿರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಡಲು ಮತ್ತು ಸೆರಗು ಕೂಡುವ ಕಡೆ ಕೊಂಡಿ ಹಾಕಿದ್ದಾರೋ ಇಲ್ಲವೋ ಅಂತ ನಮ್ಮವ್ವ ಕತ್ತಲಲ್ಲೂ ಬೆರಳಿಂದ ಮುಟ್ಟಿ ಹೇಳುತ್ತಿದ್ದಳು. ಪವರ್‌ಲೂಮ್ ಸೀರೆಯನ್ನೂ ಉಟ್ಟಳು. ಅದನ್ನು ಬೈಯಲಿಲ್ಲ. ಅದನ್ನು ಕೈಮಗ್ಗದ್ದು ಅಂತ ಮಾರಲು ಬಂದವನನ್ನು ಮಾತ್ರ ಕಟ್ಟೆಯಿಂದ ಕೆಳಗಿಳಿಸಿದ್ದಳು.

ಈಗ ಹೊರದೇಶದ ಮಾತು. ಇಟಲಿಯ ಗಾರ್ಡೋನೆ ಅನ್ನುವ ಕಣಿವೆ ಊರಿನಲ್ಲಿ ನೂರಾರು ವರ್ಷದಿಂದ ಬಂದೂಕು ಮಾಡುವವರೇ ಇದ್ದಾರೆ. ಪೆಡರ್ಸೋಲಿ 1957ರಲ್ಲಿ, ಉಬೆರ್ಟಿ 1959ರಲ್ಲಿ ಆ ಭಾಗದಲ್ಲೇ ಶುರುವಾದ ಕಂಪನಿಗಳು. ಅಮೆರಿಕದ ಅಂತರ್ಯುದ್ಧದ ಕಾಲದ ಮಾದರಿಗಳನ್ನು ಮಾಡಿ ಮಾರುತ್ತವೆ. ತಮ್ಮ ಹೆಸರು, ತಮ್ಮ ಪರೀಕ್ಷೆಯ ಮುದ್ರೆ, ತಯಾರಾದ ವರ್ಷದ ಸಂಕೇತ, ಎಲ್ಲ ಒತ್ತುತ್ತವೆ. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೇಲ್ ಕಂಪನಿ 1853ರ ಎನ್‌ಫೀಲ್ಡ್ ರೈಫಲನ್ನು ಮತ್ತೆ ಮಾಡಿದಾಗ ಹಳೆಯ ಮೂಲ ಗೇಜ್‌ಗಳ ಆಧಾರ ಹಿಡಿಯಿತು. ಗೇಜ್ ಹಿಡಿದು ಬದುಕಿದ ನನಗೆ ಅದರ ಮೇಲೆ ದೊಡ್ಡ ಗೌರವ ಇದೆ. ಅಂಥ ರೈಫಲನ್ನು ಆಟಿಕೆ ಅಂತ ಯಾರಾದರೂ ಕರೆದರೆ ನನಗೆ ಬೇಜಾರಾಗುತ್ತದೆ.

ಕೋಲ್ಟ್ ಕಂಪನಿಯದು ಇನ್ನೂ ಗೋಜಲು. ಅವರ 1873ರ ರಿವಾಲ್ವರ್ ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತಿತು. ಟಿವಿಯಲ್ಲಿ ಕೌಬಾಯ್ ಕಥೆಗಳು ಜೋರಾದಾಗ ಜನ ಕೇಳಿದರು, 1956ರಲ್ಲಿ ಮತ್ತೆ ಮಾಡಿದರು. ಅದೇ ಕಂಪನಿ, ಅದೇ ಹೆಸರು. ಆದರೂ ಸಂಗ್ರಾಹಕರು ಒಂದನೇ ತಲೆಮಾರು, ಎರಡನೇ ತಲೆಮಾರು, ಮೂರನೇ ತಲೆಮಾರು ಅಂತ ಬೇರೆ ಬೇರೆ ಮಾಡುತ್ತಾರೆ. 1970ರ ದಶಕದಲ್ಲಿ ಕೋಲ್ಟ್ ತನ್ನ ಹಳೆಯ ಕೇಪಿನ, ಅಂದರೆ ಸಿಡಿಮದ್ದಿನ ಸಣ್ಣ ಟೋಪಿ ಹಾಕಿ ಹೊಡೆಯುವ, ರಿವಾಲ್ವರ್‌ಗಳನ್ನೂ ಮತ್ತೆ ತಂದಿತು. ಅವುಗಳ ಬಿಡಿಭಾಗ ಇಟಲಿಯಿಂದ ಬಂದವು, ಮುದ್ರೆ ಮಾತ್ರ ಕೋಲ್ಟ್‌ನದು. ಇದು ಅಸಲಿಯೋ ನಕಲೋ? ಎರಡು ಕಡೆಯವರೂ ಇವತ್ತಿಗೂ ಜಗಳ ಬಿಟ್ಟಿಲ್ಲ.

ಬೆಲೆ ಮಾತ್ರ ಜಗಳಕ್ಕೆ ಕಾಯುವುದಿಲ್ಲ. ಕೋಲ್ಟ್‌ನ 1847ರ ವಾಕರ್ ರಿವಾಲ್ವರ್ ಒಟ್ಟು ಮಾಡಿದ್ದೇ 1,100. ಅದರಲ್ಲಿ ಒಂದು 2018ರ ಹರಾಜಿನಲ್ಲಿ 18 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಇಟಲಿಯಲ್ಲಿ ಮಾಡಿದ ಅದರ ನಕಲು ಕೆಲವು ನೂರು ಡಾಲರಿಗೆ ಸಿಗುತ್ತದೆ. ಇಷ್ಟು ಅಂತರ ಇದ್ದಾಗ ಕೆಲವರ ಕೈ ಅರದ ಕಡೆ ಹೋಗುತ್ತದೆ. ಇಟಲಿಯ ಮುದ್ರೆ ಉಜ್ಜಿ, ಹಳೆಯ ಮುದ್ರೆ ಒತ್ತುತ್ತಾರೆ. ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಆಡಿ ತೋರಿಸುವವರು ಇದನ್ನು ಪ್ರೀತಿಯಿಂದ ಮಾಡುತ್ತಾರೆ. ನೋಡಲು ಆ ಕಾಲದ್ದೇ ಅನ್ನಿಸಲಿ ಅಂತ. ಅವರ ಮನಸ್ಸು ಒಳ್ಳೆಯದೇ. ಆದರೆ ಅವರು ಸತ್ತ ಮೇಲೆ ಆ ಬಂದೂಕು ಯಾರ ಕೈಗೆ ಹೋಗುತ್ತದೆ? ಅಲ್ಲಿಂದ ಮುಂದೆ ಅದು ಸುಳ್ಳೇ ಹೇಳುತ್ತದೆ. ಖೈಬರ್ ಕಣಿವೆಯ ಗುಡಾರದಂಥ ಕಾರ್ಖಾನೆಗಳಲ್ಲಿ ಮಾಡಿದ ರೈಫಲ್‌ಗಳ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ ಇರುತ್ತದೆ, ಕೆಳಗಿನ ವರ್ಷ ಮಾತ್ರ ರಾಣಿ ಸತ್ತ 1901ರ ಆಚೆಯದು. ಎನ್‌ಫೀಲ್ಡ್ ಅನ್ನುವಾಗ ಇಂಗ್ಲಿಷಿನ 'ಎನ್' ಅಕ್ಷರ ತಿರುವುಮುರುವು ಆಗಿರುವುದೂ ಉಂಟು.

ಮುದ್ರೆಯ ಮಾತು ಬಂತಲ್ಲ. ಇಲ್ಲಿಂದ ಎದ್ದು ಷೇರ್ಜಾ ಬುರುಜಿಗೆ ಹೋಗಿ. ಮಲಿಕ್-ಎ-ಮೈದಾನ್ ತೋಪನ್ನು ಮತ್ತೊಮ್ಮೆ ನೋಡಿ. ಸುಮಾರು 55 ಟನ್ ತೂಕದ ಆ ತೋಪು ವಿಜಯಪುರದ್ದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ತುರ್ಕಿಯ ರೂಮಿ ಅನ್ನುವ ಎರಕಗಾರ ಎರೆದದ್ದು. ಪರಾಂಡಾ ಕೋಟೆಯಿಂದ ಇಲ್ಲಿಗೆ 1632ರಲ್ಲಿ ಬಂತು. 1686ರಲ್ಲಿ ಊರು ಗೆದ್ದ ಔರಂಗಜೇಬ ಅದರ ಮೇಲೆ ತನ್ನ ಗೆಲುವಿನ ಶಾಸನ ಕೆತ್ತಿಸಿದ. ಎರಕಗಾರನ ಹೆಸರನ್ನು ಅಳಿಸಲಿಲ್ಲ. ಪಕ್ಕದಲ್ಲಿ ತನ್ನ ಹೆಸರು, ತನ್ನ ವರ್ಷ ಹಾಕಿಸಿದ. ಹೀಗಾಗಿ ಆ ತೋಪಿನ ಮೈಮೇಲೆ ಎರಡು ಕಾಲ ಇವೆ, ಎರಡೂ ನಿಜ. ಅರ ಹಿಡಿದವರು ಮಾಡುವುದು ಇದರ ಉಲ್ಟಾ. ಮಾಡಿದವನ ಹೆಸರು ಅಳಿಸುತ್ತಾರೆ, ಸತ್ತವರ ಹೆಸರು ಬರೆಯುತ್ತಾರೆ. ಅಂದಹಾಗೆ ಇದೇ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಅಧಿಕಾರಿಯೊಬ್ಬರು ಹರಾಜು ರದ್ದು ಮಾಡಿದ್ದರಿಂದ ಉಳಿಯಿತು. ಅಸಲಿಗೂ ಒಮ್ಮೊಮ್ಮೆ ಬೆಲೆ ಇರುವುದಿಲ್ಲ.

ನಮ್ಮ ಭಾಗದಲ್ಲಿ ಈ ಸುಳ್ಳು ನನಗೆ ಜಾಸ್ತಿ ಚುಚ್ಚುವುದಕ್ಕೆ ಕಾರಣ ಇದೆ. ಮುಧೋಳ ಹತ್ತಿರದ ಹಲಗಲಿ ನಿಮಗೆಲ್ಲ ಗೊತ್ತು. 1857ರಲ್ಲಿ ಆಯುಧ ಒಪ್ಪಿಸಿ ಅನ್ನುವ ಕಾನೂನು ಬಂತು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಟೆ, ಕಾವಲು, ಮಾನ, ಎಲ್ಲವೂ ಅವರಿಗೆ ಅದರಲ್ಲೇ ಇತ್ತು. ನವೆಂಬರ್ ಕೊನೆಗೆ ಸೈನ್ಯ ಬಂತು, ಊರು ಸುಟ್ಟಿತು. ಜಡಗ, ಬಾಲ, ಹನುಮ, ರಾಮ ಇವರ ಹೆಸರು ಲಾವಣಿಯಲ್ಲಿ ಉಳಿಯಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಸುತ್ತಲಿನ ಊರುಗಳ ಆಯುಧಗಳನ್ನೂ ಕಸಿದರು. ಹಾಗಾಗಿ ನಮ್ಮ ಕಡೆ ಆ ಕಾಲದ ಖರೇ ಬಂದೂಕು ಸಿಗುವುದೇ ಕಷ್ಟ. ಆ ಖಾಲಿ ಗೋಡೆಯೇ ನಮ್ಮ ಇತಿಹಾಸ. ಅಲ್ಲಿ ಹೊಸ ಪಿಸ್ತೂಲು ತೂಗುಹಾಕಿ ಹಲಗಲಿಯದು ಅಂದರೆ, ಕಸಿದುಕೊಂಡಿದ್ದೇ ಸುಳ್ಳು ಅಂದಹಾಗೆ ಆಗುತ್ತದೆ.

ಕಾನೂನಿನ ಬಗ್ಗೆ ಎರಡೇ ಮಾತು. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ರಿಪೇರಿ ಮಾಡಿದರೂ ಹಾರದ ಆಯುಧಕ್ಕೆ ವಿನಾಯಿತಿ ಇದೆ. ಹಾರುವ ಪ್ರತಿಕೃತಿಗೆ ಆ ವಿನಾಯಿತಿ ಇಲ್ಲ. ಮಾದರಿ ಎಷ್ಟೇ ಹಳೆಯದಿರಲಿ, ಲೈಸೆನ್ಸ್ ಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಕನಿಷ್ಠ ನೂರು ವರ್ಷ ಕೇಳುತ್ತದೆ. ಅದೇ ಲೆಕ್ಕ ಹಿಡಿದರೆ ಉಬೆರ್ಟಿಯ ಮೊದಲ ರಿವಾಲ್ವರ್‌ಗಳೂ 2059ರ ಸುಮಾರಿಗೆ ನೂರು ತುಂಬುತ್ತವೆ. ಆಗ ನಮ್ಮ ಮೊಮ್ಮಕ್ಕಳು ಅದನ್ನು ಇಟಲಿಯ ಅಸಲಿ ನಕಲು ಅಂತ ಹುಡುಕಬಹುದು. ಮುದ್ರೆ ಉಳಿದಿದ್ದರೆ ಮಾತ್ರ.

ಇನ್ನೊಂದು ಬಂದೂಕಿನ ವಿಷಯ ಹೇಳಿ ಮುಗಿಸುತ್ತೇನೆ. ಅದನ್ನು ಇಲ್ಲಿ ತಂದಿಲ್ಲ, ಲೈಸೆನ್ಸ್ ಇರುವ ಮನೆಯಲ್ಲೇ ಇದೆ. ನಮ್ಮ ಸೋದರಮಾವನ ಮನೆಯ ಕೇಪಿನ ಬಂದೂಕು. ಹೊಲಕ್ಕೆ ಬರುವ ಹಂದಿ ಓಡಿಸಲು ಇಟ್ಟದ್ದು. ನಳಿಗೆ ಇಂಗ್ಲೆಂಡಿನದು. ಹಿಡಿ ಮುರಿದಾಗ ಊರ ಬಡಿಗ ಜಾಲಿ ಮರದಲ್ಲಿ ಹೊಸದು ಕೆತ್ತಿದ. ಸ್ಪ್ರಿಂಗ್ ಹೋದಾಗ ಕಮ್ಮಾರ ಗರಗಸದ ತುಂಡಿನಿಂದ ಮಾಡಿಕೊಟ್ಟ. ಸಂಗ್ರಾಹಕರೊಬ್ಬರು ನೋಡಿ, "ಮೂಲದ್ದು ಏನೂ ಉಳಿದಿಲ್ಲ" ಅಂತ ವಾಪಸ್ ಕೊಟ್ಟರು. ನನಗೆ ಅದಕ್ಕಿಂತ ಅಸಲಿ ಬಂದೂಕು ಕಂಡಿಲ್ಲ. ಅದರ ಒಂದೊಂದು ತುಂಡನ್ನೂ ಯಾರು ಮಾಡಿದರು, ಯಾವ ಬೆಳೆಯ ವರ್ಷ ಮಾಡಿದರು ಅಂತ ಮಾವ ಹೇಳುತ್ತಿದ್ದ. ಅವನ ಮಾತನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೂಕಿನ ಜೊತೆಗೇ ಇಟ್ಟಿದ್ದೇನೆ.

ಈ ಪಿಸ್ತೂಲನ್ನೂ ನಾನು ಮಾರಲಿಲ್ಲ, ಎಸೆಯಲೂ ಇಲ್ಲ. ನೋಡುತ್ತಾ ನೋಡುತ್ತಾ ಇದನ್ನು ಮಾಡಿದವನ ಕೈ ಒಳ್ಳೆಯದು ಅನ್ನಿಸಿತು. ತೇಗದ ಹಿಡಿ ಎಷ್ಟು ಚಂದ ತಿರುಗಿಸಿದ್ದಾನೆ ನೋಡಿ. ಸುಳ್ಳು ಹೇಳಿದವನು ಮಾರಿದವನು. ಹೋದ ವಾರ ಇದಕ್ಕೆ ಒಂದು ಚೀಟಿ ಬರೆದು ದಾರದಿಂದ ಕಟ್ಟಿದೆ: "ಬೆಂಕಿಕಲ್ಲಿನ ಪಿಸ್ತೂಲಿನ ಪ್ರತಿಕೃತಿ. ಭಾರತದಲ್ಲಿ ತಯಾರು, ಮೆಟ್ರಿಕ್ ಅಳತೆ ಬಂದ ಮೇಲಿನದು. ಕಿವಿ ಕೊರೆದಿಲ್ಲ. ಟವರ್ ಮುದ್ರೆ ಸುಳ್ಳು. ಹಿಡಿಯ ಕೆಲಸ ಉತ್ತಮ."

ಥ್ರೆಡ್ ಗೇಜ್ ಪಕ್ಕದಲ್ಲೇ ಇಟ್ಟಿದ್ದೇನೆ. ಬನ್ನಿ, ಸ್ಕ್ರೂ ಬಿಚ್ಚಿ ನೀವೇ ಹಾಕಿ ನೋಡಿ.