ಮಳೆಗೆ ಮೊದಲು ಒಂದ್ಸಲ ಗಚ್ಚಿ ಹತ್ತಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನಿರೋದು ಮುಂಬಯಿ ಹತ್ತಿರದ ಡೊಂಬಿವಲಿಲಿ, ಮೂವತ್ತು ವರ್ಷ ದಾಟಿದ ಹಳೇ ಬಿಲ್ಡಿಂಗು, ನಾಲ್ಕನೇ ಮಾಳಿಗೆ, ನಮ್ಮ ತಲೆ ಮೇಲೆ ಗಚ್ಚಿ ಬಿಟ್ರೆ ಆಕಾಶಾನೇ. ಊರಲ್ಲಿ ತಾರಸಿ ಅಂತಿದ್ವಿ, ಇಲ್ಲಿಗೆ ಬಂದ್ಮೇಲೆ ಗಚ್ಚಿ ಅನ್ನೋದೇ ಬಾಯಿಗೆ ಬಂದ್ಬಿಟ್ಟಿದೆ.

ಎರಡು ವರ್ಷದ ಹಿಂದೆ ಜುಲೈಲಿ ಒಂದು ರಾತ್ರಿ ನಮ್ಮತ್ತೆ ಎಬ್ಬಿಸಿದ್ರು, ಹಾಸಿಗೆ ಒದ್ದೆ ಆಗ್ತಿದೆ ಕಣೇ ಅಂತ. ಲೈಟ್ ಹಾಕಿ ನೋಡಿದ್ರೆ ಫ್ಯಾನಿನ ರಾಡು ಹಿಡ್ಕೊಂಡು ನೀರು ಇಳೀತಿದೆ, ಫ್ಯಾನು ತಿರುಗ್ತಾನೇ ಇದೆ! ಎದೆ ಧಸಕ್ ಅಂತು. ನಿಮ್ಮನೇಲೂ ಹೀಗಾದ್ರೆ ಬಕೆಟ್ ಹುಡುಕೋಕೆ ಹೋಗ್ಬೇಡಿ, ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಒದ್ದೆ ಕೈಲಿ ಮಾತ್ರ ಮುಟ್ಟಬೇಡಿ.

ಊರಲ್ಲಿ ನಮ್ಮದು ಹಂಚಿನ ಮನೆ. ಮಂಗಳೂರು ಹಂಚು, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆ ಇಂದ ಹರಡಿದ್ದು, ಗೋವಾದ ಹಳೇ ಮನೆಗಳ ಮೇಲೂ ಅದೇ ಕೆಂಪು ಕಾಣುತ್ತೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಪ್ಪ ಆಳು ಕರೆಸಿ ಹಂಚು ಕೈಯಾಡಿಸ್ತಿದ್ರು, ಒಡೆದಿದ್ದು ತೆಗೆದು ಹೊಸದು ಇಡೋದು, ಸಂದೀಲಿ ತುಂಬಿದ ಎಲೆ ಕಸ ತೆಗೆಯೋದು, ಅಲುಗಿದ್ದು ಸರಿ ಕೂರಿಸೋದು. ಸಿಮೆಂಟಿನ ಮನೆಗೆ ಬಂದ್ಮೇಲೆ ನಾವೆಲ್ಲ ಆ ಪಾಠ ಮರ್ತೇಬಿಟ್ವಿ, ಕಾಂಕ್ರೀಟು ಅಂದ್ರೆ ಕಲ್ಲಿನ ಥರ, ಅದಕ್ಕೇನಾಗುತ್ತೆ ಅಂತ. ಆದ್ರೆ ಇಲ್ಲಿ ನಾಲ್ಕೇ ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳೋ ಜಾಗ, 2005ರ ಜುಲೈ 26ಕ್ಕೆ ಮುಂಬಯಿಯ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದಿದ್ದು ಇಲ್ಲಿನವರು ಯಾರೂ ಮರೆಯಲ್ಲ.

ನಮ್ಮ ತಪ್ಪು ಹೇಳ್ತೀನಿ ಕೇಳಿ. ಆ ರಾತ್ರಿಗೂ ಮುಂಚೆ, ಮೇ ಕೊನೇಲಿ, ಗೋಡೆ ಮೇಲೆ ಬಿಳಿ ಉಪ್ಪು ಥರ ಬರ್ತಿದೆ ಅಂತ ಸೊಸೈಟಿಯವರು, ಅಂದ್ರೆ ಬಿಲ್ಡಿಂಗಿನ ಮನೆಯವರ ಸಂಘದವರು, ಒಬ್ಬ ಕಾಂಟ್ರಾಕ್ಟರನ್ನ ಕರೆಸಿದ್ರು. ಆತ ನಮ್ಮ ಸೋಫಾದಲ್ಲಿ ಕೂತು ಚಹಾ ಕುಡಿದು ಅಲ್ಲಿಂದಾನೇ ಚದರಡಿಗೆ ಇಷ್ಟು ಅಂತ ರೇಟು ಹೇಳಿದ, ಗಚ್ಚಿ ಹತ್ತಲೇ ಇಲ್ಲ. ಮೂರು ಕೊಟೇಶನ್ನಲ್ಲಿ ಅವನದೇ ಕಡಿಮೆ, ಒಪ್ಪಿದ್ವಿ. ಪಾಚಿ ಕೆರೆಯದೆ, ಧೂಳು ಗುಡಿಸದೆ, ಮೇಲೆ ನೀರು ತಡೆಯೋ ಬಿಳಿ ಕೆಮಿಕಲ್ ಬಳಿದು ಹೋದ, ಹತ್ತು ವರ್ಷ ಗ್ಯಾರಂಟಿ ಅಂತ ಬಾಯಿಮಾತು. ಪೂರ್ತಿ ದುಡ್ಡು ಕೊಟ್ಟಾಗಿತ್ತು. ಜುಲೈಲಿ ನೀರು ಬಂತು, ಆಗಸ್ಟಿಗೆ ಬಳಿದಿದ್ದು ಹಪ್ಪಳದ ಥರ ಎದ್ದು ಬಂತು, ಫೋನ್ ಎತ್ತೋದು ನಿಲ್ಲಿಸಿದ. ಆವತ್ತಿಂದ ನನ್ನ ಮನಸ್ಸಲ್ಲಿ ಕೂತಿರೋದು ಒಂದೇ ಮಾತು, ಗಚ್ಚಿ ಹತ್ತದೆ ರೇಟು ಹೇಳೋನಿಗೆ ಕೆಲಸ ಕೊಡಬಾರದು.

ಮಳೆ ಮುಗಿದ್ಮೇಲೆ ಬಂದ ಮೇಸ್ತ್ರಿ ಹತ್ತಿರದ ಏರಿಯಾದವರೇ, ಅವರು ಮಾಡಿದ ನಾಲ್ಕೈದು ಬಿಲ್ಡಿಂಗಿನ ಟಾಪ್ ಫ್ಲೋರ್ ಮನೆಯವರ ಹತ್ರ ನಾನೇ ಹೋಗಿ ವಿಚಾರಿಸಿ ಬಂದಿದ್ದೆ, ಕೆಲಸ ಆಗಿ ಎಷ್ಟು ಮಳೆಗಾಲ ಕಳೀತು ಅಂತ. ಅವರ ಮೊದಲ ಪ್ರಶ್ನೆನೇ ಬೇರೆ ಇತ್ತು. ಅಕ್ಕಾ, ಈ ತೇವ ಮಳೇಲಿ ಮಾತ್ರಾನಾ, ಏಪ್ರಿಲಲ್ಲೂ ಇರುತ್ತಾ? ಬೇಸಿಗೇಲೂ ಇದ್ರೆ ಅದು ಟ್ಯಾಂಕಿಂದೋ ಪೈಪಿಂದೋ, ಆಗ ಇಡೀ ಗಚ್ಚಿ ಮಾಡಿಸಿದ್ರೂ ನಿಲ್ಲಲ್ಲ ಅಂದ್ರು. ಆಮೇಲೆ ಮೇಲೆ ಹೋಗಿ ಕೂತ್ಕೊಂಡು ಸುತ್ತಿಗೆ ಹಿಡಿಕೆಯಿಂದ ನೆಲ ತಟ್ಟುತ್ತಾ ಬಂದ್ರು, ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತೆ, ಒಂದು ಕಡೆ ಡಬ್ ಡಬ್ ಅಂತ ಪೊಳ್ಳು ಸದ್ದು, ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದ್ರು. ಒಂದು ಮಗ್ಗು ನೀರು ಸುರಿದು ಯಾವ ಕಡೆ ಹರಿಯುತ್ತೆ ನೋಡಿದ್ರು. ಪೈಪಿನ ಬಾಯಿ ಕಡೆ ಹೋಗ್ಬೇಕಾದ ನೀರು ಗೋಡೆ ಮೂಲೆಗೆ ಹೋಗಿ ನಿಂತ್ಕೊಂತು. ಆ ಮೂಲೇಲಿ ಗೋಡೆನೂ ನೆಲಾನೂ ಸೇರೋ ಕಡೆ ಹಾಕಿದ ಗುಂಡನೆ ಗಾರೆ ಪಟ್ಟಿ, ಇಲ್ಲಿ ವಾಟಾ ಅಂತಾರೆ, ಅದು ಸೀಳಿತ್ತು, ಪಕ್ಕದಲ್ಲೇ ಡಿಶ್ ಆಂಟೆನಾ ಕೂರಿಸೋಕೆ ಯಾರೋ ನಾಲ್ಕು ಬೋಲ್ಟು ಹೊಡೆದಿದ್ರು. ನಮ್ಮ ಫ್ಯಾನು ಅದರ ಕೆಳಗೇನೇ ಅಲ್ದಿದ್ರೂ ನೀರು ಒಳಗೊಳಗೇ ಹರಿದು ಸಿಕ್ಕ ದಾರೀಲಿ ಇಳಿಯುತ್ತಂತೆ, ಹಾಗಾಗಿ ಕಲೆ ಇರೋ ಜಾಗವೇ ತೂತಿರೋ ಜಾಗ ಅಂದ್ಕೋಬಾರದು.

ಮುಂಬಯಿ ಕಡೆ ಗಚ್ಚಿ ಮೇಲೆ ಇರೋದು ಸಾಮಾನ್ಯವಾಗಿ ಬ್ರಿಕ್ ಬ್ಯಾಟ್ ಕೋಬಾ, ಇಟ್ಟಿಗೆ ಚೂರು ಜೋಡಿಸಿ ಗಾರೆ ಹಾಕಿ ಇಳಿಜಾರು ಕೊಡೋದು. ಇಳಿಜಾರು ನೂರು ಅಡಿಗೆ ಒಂದಡಿಯಾದ್ರೂ ಬೇಕು. ಚೆನ್ನಾಗಿ ಮಾಡಿದ್ರೆ ವರ್ಷಗಟ್ಟಲೆ ಬರುತ್ತೆ, ಆದ್ರೆ ಹಳೇದರ ಮೇಲೇ ಹೊಸದು ಹಾಕ್ತೀವಿ ಅಂದ್ರೆ ಒಪ್ಪಬೇಡಿ ದಯವಿಟ್ಟು. ನಾಲ್ಕಿಂಚು ದಪ್ಪದ ಕೋಬಾ ಒಂದು ಚದರ ಮೀಟರಿಗೆ ಹತ್ತತ್ರ 200 ಕೆಜಿ ಭಾರ, ಎರಡು ಸಾವಿರ ಚದರಡಿ ಗಚ್ಚಿಗೆ 35 ಟನ್ ದಾಟುತ್ತೆ, ಅದನ್ನ ಹಳೇ ಸ್ಲ್ಯಾಬು ಹೊರಬೇಕಲ್ಲ. ಸ್ಲ್ಯಾಬಿನೊಳಗೆ ನೀರು ಇಳಿದ್ರೆ ಕಬ್ಬಿಣ ತುಕ್ಕು ಹಿಡಿದು ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತೆ, ಉಬ್ಬಿ ಕಾಂಕ್ರೀಟನ್ನ ಒಳಗಿಂದಾನೇ ಒಡೆಯುತ್ತೆ, ಸೀಲಿಂಗಿಂದ ಚಕ್ಕೆ ಬೀಳೋದು ಅದಕ್ಕೇ. ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆಸೋದು ರೋಗ ಮುಚ್ಚಿಟ್ಟ ಹಾಗೆ, ಎಂಜಿನಿಯರಿಗೆ ತೋರಿಸಿ. ಇಲ್ಲಿನ ಸೊಸೈಟಿ ಬೈಲಾ (ಸಂಘದ ನಿಯಮ) ಪ್ರಕಾರ 15ರಿಂದ 30 ವರ್ಷದ ಬಿಲ್ಡಿಂಗಿಗೆ ಐದು ವರ್ಷಕ್ಕೊಮ್ಮೆ, 30 ದಾಟಿದ್ರೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್, ಅಂದ್ರೆ ಬಿಲ್ಡಿಂಗು ಗಟ್ಟಿ ಇದೆಯಾ ಅನ್ನೋ ಎಂಜಿನಿಯರ್ ತಪಾಸಣೆ, ಆಗ್ಬೇಕು. ಇನ್ನೊಂದು, ಗಚ್ಚಿ ಸೋರಿ ಟಾಪ್ ಫ್ಲೋರಿನ ಸೀಲಿಂಗು ಹಾಳಾದ್ರೆ ಅದರ ರಿಪೇರಿ ಸೊಸೈಟಿ ಖರ್ಚಲ್ಲೇ ಆಗ್ಬೇಕು, ನಮ್ಮವರು ಎಷ್ಟೋ ಜನ ಜಗಳ ಯಾಕೆ ಅಂತ ಕೈಯಿಂದ ಕೊಟ್ಟು ಸುಮ್ಮನಾಗ್ತಾರೆ, ಅದು ನನಗೆ ತುಂಬಾ ಬೇಜಾರು. ಒಂದು ಅರ್ಜಿ ಬರೆದು ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳ್ಳಿ.

ಗಚ್ಚಿ ಮೇಲೆ ಪತ್ರಾ ಶೆಡ್, ಅಂದ್ರೆ ತಗಡಿನ ಶೆಡ್, ಹಾಕಿಸೋರು ಮುನ್ಸಿಪಾಲ್ಟಿ ಪರ್ಮಿಶನ್ ಕೇಳ್ಕೊಳ್ಳಿ, ಸ್ಕ್ರೂ ಪತ್ರಾದ ಉಬ್ಬಿನ ಮೇಲೆ ರಬ್ಬರ್ ವಾಷರ್ ಸಮೇತ ಹೊಡೆಸಿ, ತಗ್ಗಲ್ಲಿ ಹೊಡೆದ್ರೆ ನೀರು ಹರಿಯೋ ದಾರೀಲೇ ತೂತು ಮಾಡಿದ ಹಾಗೆ.

ಈ ಸಲ ಮೇಸ್ತ್ರಿ ಜೊತೆ ನಾವು ಎಲ್ಲ ಕಾಗದದಲ್ಲಿ ಬರೆಸಿದ್ವಿ. ಇಬ್ಬರೂ ಸೇರಿ ಟೇಪ್ ಹಿಡಿದು ಅಳೆದ ಚದರಡಿ, ಯಾವ ಮಾಲು, ಎಷ್ಟು ಕೋಟು, ಹೊಸ ಗಾರೆಗೆ ಎಷ್ಟು ದಿನ ನೀರುಣಿಸೋದು, ಒಡೆದ ಕಸ ಯಾರು ಹೊತ್ತೊಯ್ಯೋದು, ಕೆಲಸದವರಿಗೆ ಬೆಲ್ಟು ಹಗ್ಗ ಇದೆಯಾ, ಅದೂ ಸಹ. ಆ ಹುಡುಗರು ನಾಲ್ಕು ಮಾಳಿಗೆ ಮೇಲೆ ಅಂಚಲ್ಲಿ ನಿಂತು ಮಾಡ್ತಾರೆ, ಅವರ ಜೀವದ ಲೆಕ್ಕನೂ ನಮ್ಮದೇ. ದುಡ್ಡು ಕೆಲಸ ಆದ ಹಾಗೆ ಕಂತಲ್ಲಿ ಕೊಟ್ವಿ, ನೂರಕ್ಕೆ ಹತ್ತು ಒಂದು ಮಳೆಗಾಲ ಕಳೆಯೋ ತನಕ ಇಟ್ಕೊಂಡ್ವಿ, ಮೇಸ್ತ್ರಿ ಒಂದು ಮಾತೂ ಆಡದೆ ಒಪ್ಪಿದ್ರು. ಕೊನೆಗೆ ಪೈಪಿನ ಬಾಯಿಗಳನ್ನ ಮುಚ್ಚಿ ಗಚ್ಚಿಲಿ ಎರಡಿಂಚು ನೀರು ನಿಲ್ಲಿಸಿ ಮೂರು ದಿನ ಬಿಟ್ವಿ. ಆ ಮೂರು ದಿನ ಅತ್ತೆ ಕುರ್ಚಿ ಹಾಕ್ಕೊಂಡು ಸೀಲಿಂಗ್ ನೋಡ್ತಾ ಕೂತಿದ್ರು, ಒಂದು ಹನಿ ಇಳೀಲಿಲ್ಲ.

ಹೋದ ಮಳೆಗಾಲನೂ ಒಣಗೇ ಕಳೀತು. ಆ ಫ್ಯಾನಿನ ಸುತ್ತ ಕಂದು ಕಲೆ ಇನ್ನೂ ಹಾಗೇ ಇದೆ, ಇನ್ನೊಂದು ಮಳೆ ನೋಡಿ ಆಮೇಲೆ ಬಣ್ಣ ಹೊಡೆಸಿ ಅಕ್ಕಾ, ಹೊಸ ಕಲೆ ಬಂದ್ರೆ ಗೊತ್ತಾಗಲಿ ಅಂದಿದಾರೆ ಮೇಸ್ತ್ರಿ. ನಾನು ಕಲೆ ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟಿದೀನಿ. ನಮಸ್ಕಾರ.