‘ಅವರ ಕರ್ಮ’ ಅಂತ ಹೇಳ್ಲಿಕ್ಕೆ ನೀವು ಯಾರು?

ನಮಸ್ಕಾರ, ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಇಲ್ಲಿನ ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಕಾಯಿಲೆ, ಅಂಗವೈಕಲ್ಯ ಅನುಭವಿಸುವ ಮಕ್ಕಳ ಬಗ್ಗೆ ಮೊನ್ನೆ ವಿಡಿಯೋ ಹಾಕಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: ‘ಪಾಪ, ಎಂತ ಮಾಡುವುದು, ಪೂರ್ವಜನ್ಮದ ಕರ್ಮ.’ ಅದಕ್ಕೆ ಲೈಕ್ ಬೇರೆ!

ಸ್ವಾಮೀ, ಇನ್ನೊಬ್ಬರ ಕರ್ಮದ ಲೆಕ್ಕಪುಸ್ತಕ ನಿಮ್ಮ ಕೈಗೆ ಕೊಟ್ಟವರು ಯಾರು?

ಗುಡ್ಡದ ಮೇಲೆ ಸರಕಾರಿ ಗೇರು ತೋಟ, ಕೆಳಗೆ ಮನೆಗಳು. ಗೇರಿಗೆ ಬರುವ ಟೀ ಸೊಳ್ಳೆ ಅನ್ನುವ ಕೀಟ ಕೊಲ್ಲಲಿಕ್ಕೆ ಅಂತ ಇಪ್ಪತ್ತು ವರ್ಷಕ್ಕೂ ಹೆಚ್ಚು, 2000ದವರೆಗೆ, ಹೆಲಿಕಾಪ್ಟರಿನಿಂದ ಈ ಮದ್ದು ಬಿಟ್ಟರು. ಬಾವಿ ಮುಚ್ಚಿಕೊಳ್ಳಿ ಅಂದರಂತೆ. ಇಲ್ಲಿ ಎಷ್ಟೋ ಮನೆಗೆ ನೀರು ಬರುವುದು ಗುಡ್ಡ ಕೊರೆದ ಸುರಂಗದಿಂದ, ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ತೆರೆದ ಕೆರೆಗೆ ಬೀಳುವುದು. ಅದನ್ನು ಎಂತದರಲ್ಲಿ ಮುಚ್ಚುವುದು ಮಾರಾಯ್ರೇ?

ಆಗಲೂ ಎಣ್ಮಕಜೆಯ ಪಡ್ರೆ ಊರಿನಲ್ಲಿ ಮಕ್ಕಳ ಕಾಯಿಲೆ ಜಟಾಧಾರಿ ದೈವದ ಶಾಪ ಅಂದುಕೊಂಡವರಿದ್ದರು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೆದರಿ ಹಾಗಂದರೆ ನನಗೆ ಅರ್ಥ ಆಗ್ತದೆ. ದೂರ ಕೂತವರು ಹೇಳಿದ್ರೆ ಅದು ಜಾರಿಕೊಳ್ಳುವ ಉಪಾಯ. ಮದ್ದು ಬಿಟ್ಟ ಕೈಯೂ ತಪ್ಪಿಸಿಕೊಂಡಿತು, ನೋಡಿ ಸುಮ್ಮನಿದ್ದವರೂ ತಪ್ಪಿಸಿಕೊಂಡರು.

‘ಶಾಸ್ತ್ರದಲ್ಲಿ ಉಂಟು’ ಅಂತೀರಾ? ಗೀತೆಯ ನಾಲ್ಕನೇ ಅಧ್ಯಾಯ ತೆಗೀರಿ. ಕರ್ಮದ ಗತಿ ಗಹನ ಅಂತ ಕೃಷ್ಣ ಹೇಳಿಯಾಗಿದೆ. ಅರ್ಜುನನಿಗೇ ಗಹನ ಆದದ್ದು ನಿಮಗೆ ಮೊಬೈಲಿನಲ್ಲಿ ಕಂಡಿತಾ? ಇಲ್ಲೇ ಬೇಳದ ಇಗರ್ಜಿಗೆ (ಚರ್ಚಿಗೆ) ಹೋಗುವವರಿಗೂ ಗೊತ್ತು: ಹುಟ್ಟುಕುರುಡನನ್ನು ತೋರಿಸಿ, ಇವನ ಪಾಪವಾ, ಹೆತ್ತವರದ್ದಾ ಅಂತ ಶಿಷ್ಯರು ಕೇಳಿದಾಗ ಎರಡೂ ಅಲ್ಲ ಅಂದ ಯೇಸು, ಮೊದಲು ಅವನಿಗೆ ಕಣ್ಣು ಕೊಟ್ಟ.

ನನ್ನ ಕಾಲಿಗೆ ಮುಳ್ಳು ಹೊಕ್ಕರೆ ನನ್ನ ಕರ್ಮ ಅಂತ ಸಹಿಸ್ತೇನೆ. ನೆರೆಮನೆಯ ಮಗುವಿನ ಕಾಲಿಗೆ ಹೊಕ್ಕರೆ ಅದನ್ನು ತೆಗೆಯುವುದೇ ನನ್ನ ಕರ್ಮ. ಇಷ್ಟೇ ನಾನು ಹೇಳುವುದು. ಇನ್ನೂ ನೂರು ಸಲ ಹೇಳ್ತೇನೆ.

‘ಕೋರ್ಟು ದುಡ್ಡು ಕೊಡಿಸಿದೆಯಲ್ಲ’ ಅಂತ ಇನ್ನೊಬ್ಬರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಎಂತಕ್ಕೆ ಕೊಡಲಿಲ್ಲ ಅಂತ 2022ರಲ್ಲಿ ಅದೇ ಕೋರ್ಟು ಗದರಬೇಕಾಯ್ತು. ಕೊಟ್ಟರೂ, ಬೆಳೆದ ಮಗನನ್ನು ಅಮ್ಮ ಸೊಂಟದ ಮೇಲೆ ಹೊತ್ತು ಬಚ್ಚಲಿಗೆ ಒಯ್ತಾಳಲ್ಲ, ಆ ದುಡ್ಡು ಬಂದು ಹೊರುತ್ತದಾ? ಅವಳಿಗೆ ಜ್ವರ ಬಂದ ದಿನ ಯಾರು?

ನಾನು ಧರ್ಮದ ವಿರೋಧಿಯಂತೆ! ಕೋಲದಲ್ಲಿ ಬೆಳಗಿನವರೆಗೆ ಕೈಮುಗಿದು ನಿಲ್ಲುವವ ನಾನು. ಬಿಡಿ.

ವಿಡಿಯೋ ಶೇರ್ ಮಾಡಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನದ್ದು ಮುಳಿಯಾರಿನಿಂದ. ಕರ್ಮ ಅಂತ ಬರೆಯುವವರೇ, ಬರೀಬೇಡಿ. ಆ ಅಮ್ಮನ ಎದುರು ನಿಂತು ಹೇಳಿ. ಎಣ್ಮಕಜೆಯ ಪೆರ್ಲಕ್ಕೆ ಬಸ್ಸು ಉಂಟು.