ಗಡಿ ದಾಟಿ ಬಂದ ಪಾರ್ಸಲ್ಲು

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯಲ್ಲಿ ಕೂತು ಜರ್ಮನಿಯ ಅಂಗಡಿಯಲ್ಲಿ ಸಾಮಾನು ಕೊಳ್ಳುವುದು ಈಗ ಸೂಪರ್ ಮಾರ್ಕೆಟ್‌ಗೆ ಹೋಗಿ ಬರುವುದಕ್ಕಿಂತ ಸಲೀಸು. ಆಟೋ ಬೇಡ, ಬಿಸಿಲಲ್ಲಿ ತಿರುಗುವುದು ಬೇಡ. ಮೊಬೈಲಲ್ಲಿ ಬೆಲೆ ನೋಡಿದರೆ, ಕಾರ್ಡಿನ ನಂಬರ್ ಒತ್ತಿದರೆ ಮುಗಿಯಿತು. ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೆಲವು ದಿನ ಬಿಟ್ಟು ಕೊರಿಯರ್ ಹುಡುಗ ಬಾಗಿಲಿಗೆ ಬಂದು, "ಸರ್, ಇನ್ನೂ ಎರಡು ಸಾವಿರ ಕೊಡಬೇಕ್ರಿ" ಅನ್ನುತ್ತಾನೆ. "ರೊಕ್ಕ ಎಲ್ಲಾ ಮೊದಲೇ ಕೊಟ್ಟೀನಿ, ಇದ್ಯಾವ ರೊಕ್ಕನೋ?" ಅಂತ ಜಗಳ ಶುರು. ಪಾಪ, ಆ ಹುಡುಗನಿಗೂ ಅದು ಯಾವ ರೊಕ್ಕ ಅಂತ ಗೊತ್ತಿರುವುದಿಲ್ಲ. ಅದು ಹೊರದೇಶದಿಂದ ಬಂದ ಸಾಮಾನಿಗೆ ನಮ್ಮ ಸರ್ಕಾರ ಹಾಕುವ ಸುಂಕ.

ನಾನು ಇಲ್ಲಿ ವ್ಯಾಪಾರಸ್ಥರ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವವನು. ಇತ್ತೀಚೆಗೆ ವ್ಯಾಪಾರಕ್ಕೆ ಸಂಬಂಧವೇ ಇಲ್ಲದವರೂ ಇಂಥ ಸುಂಕದ ಚೀಟಿ ಹಿಡಿದುಕೊಂಡು ಬರುತ್ತಾರೆ. ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು, ಮಗಳು ಅಮೆರಿಕದಲ್ಲಿರುವ ತಾಯಂದಿರು. ಎಲ್ಲರದೂ ಒಂದೇ ಪ್ರಶ್ನೆ. ಇದು ಖರೇನೋ, ಮೋಸವೋ?

ಸುಂಕ ಅನ್ನುವುದು ನಮ್ಮ ಕಡೆಗೆ ಹೊಸದೇನಲ್ಲ. ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರರೇ ಇದ್ದರು, ಸುಂಕ ವಸೂಲಿ ಅವರ ಕಾಯಕ. ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು, ಕರೋಡ್‌ಗಿರಿ ಅಂತ ಅದರ ಹೆಸರು. ಸೊಲ್ಲಾಪುರ ಬ್ರಿಟಿಷರದು, ಕಲಬುರಗಿ ನಿಜಾಮರದು. ನಡುವೆ ನಾಕಾ. ಆಗ ನಾಕಾ ಕಣ್ಣಿಗೆ ಕಾಣುತ್ತಿತ್ತು, ಗಾಡಿ ನಿಲ್ಲಿಸಿ ಸಾಮಾನು ಬಿಚ್ಚಿ ತೋರಿಸಬೇಕಿತ್ತು. ಈಗಿನ ನಾಕಾ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುತ್ತದೆ. ಪಾರ್ಸಲ್ಲು ಅಲ್ಲಿ ನಿಲ್ಲುತ್ತದೆ, ಅಲ್ಲೇ ಲೆಕ್ಕ ಆಗುತ್ತದೆ, ನಮಗೆ ಚೀಟಿ ಮಾತ್ರ ಬರುತ್ತದೆ. ಗಾಬರಿಯಾಗುವುದು ಅದಕ್ಕೇ.

ಆ ಚೀಟಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆಳಂದ ರಸ್ತೆಯ ಕಡೆಯ ಸಂಗೀತದ ಮೇಷ್ಟ್ರೊಬ್ಬರು ಯುರೋಪಿನಿಂದ ವಯೊಲಿನ್ ತಂತಿ ತರಿಸಿದ್ದರು. ಅವರ ಅಂಕಿ ಬಿಟ್ಟು, ಕೇಳುವುದಕ್ಕೆ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟು ಹೇಳುತ್ತೇನೆ. ಕೈಯಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿ.

ತಂತಿಯ ಬೆಲೆ 4,000 ರೂಪಾಯಿ. ಕಳಿಸುವ ಖರ್ಚು, ವಿಮೆ ಸೇರಿ 1,000. ಸುಂಕ ಬರೀ ನಾಲ್ಕು ಸಾವಿರದ ಮೇಲೆ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಸಾಗಣೆ, ವಿಮೆ ಎರಡೂ ಬೆಲೆಯೊಳಗೇ ಸೇರುತ್ತವೆ. ಲೆಕ್ಕ ಶುರುವಾಗುವುದೇ 5,000ದಿಂದ. ಡಾಲರ್, ಯೂರೋ ಅಂದರೆ ಎಷ್ಟು ರೂಪಾಯಿ ಅನ್ನುವುದಕ್ಕೂ ಕಸ್ಟಮ್ಸ್‌ನವರು ಪ್ರಕಟಿಸುವ ದರವೇ ಲೆಕ್ಕ. ನಿಮ್ಮ ಬ್ಯಾಂಕಿನ ದರ ಅಲ್ಲ.

ಈಗ ಮೂಲ ಸುಂಕ. ಶೇಕಡಾ 20 ಅಂತ ಸುಮ್ನೆ ಇಟ್ಟುಕೊಳ್ಳಿ, ಸಾವಿರ ರೂಪಾಯಿ ಆಯಿತು. ಅದರ ಬೆನ್ನಿಗೆ ಸಮಾಜ ಕಲ್ಯಾಣ ಸರ್‌ಚಾರ್ಜ್, 2018ರಲ್ಲಿ ಬಂದದ್ದು. ಇದು ವಸ್ತುವಿನ ಮೇಲಲ್ಲ, ಸುಂಕದ ಮೇಲೆ ಶೇಕಡಾ 10. ಅಂದರೆ ನೂರು ರೂಪಾಯಿ. ಒಟ್ಟು 6,100 ಆಯಿತಲ್ವಾ? ಐಜಿಎಸ್‌ಟಿ, ಅಂದರೆ ಹೊರಗಿನಿಂದ ಬರುವ ಸಾಮಾನಿಗೆ ಬೀಳುವ ಜಿಎಸ್‌ಟಿ, ಹಾಕುವುದು ಈ 6,100ರ ಮೇಲೆ. ಶೇಕಡಾ 18 ಅಂದರೆ 1,098. ಸುಂಕದ ಮೇಲೂ ತೆರಿಗೆ ಬಿತ್ತು, ನೋಡಿದಿರಾ! ಎಲ್ಲ ಕೂಡಿಸಿದರೆ 2,198 ರೂಪಾಯಿ. ನಾಲ್ಕು ಸಾವಿರದ ತಂತಿ ಮನೆಗೆ ಬರುವ ಹೊತ್ತಿಗೆ 7,198.

ಈ ಶೇಕಡಾ 20, 18 ಎಲ್ಲ ಲೆಕ್ಕ ಕಲಿಯಲು ಹೇಳಿದ್ದು. ನಿಜವಾದ ದರ ವಸ್ತುವಿನಿಂದ ವಸ್ತುವಿಗೆ ಬೇರೆ, ಬಜೆಟ್‌ನಿಂದ ಬಜೆಟ್‌ಗೆ ಬೇರೆ. ಲೆಕ್ಕದ ದಾರಿ ಮಾತ್ರ ಹೀಗೆಯೇ. ಮೊದಲು ಸುಂಕ, ಸುಂಕದ ಮೇಲೆ ಸರ್‌ಚಾರ್ಜ್, ಇವೆಲ್ಲ ಕೂಡಿದ ಮೇಲೆ ಐಜಿಎಸ್‌ಟಿ.

ಚೀಟಿ ಇಲ್ಲಿಗೆ ಮುಗಿಯುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ನಿಮ್ಮ ಪರವಾಗಿ ಸುಂಕ ಮುಂಗಡ ಕಟ್ಟಿದ್ದೇವೆ, ಅದಕ್ಕೆ ನಮ್ಮ ಶುಲ್ಕ ಇಷ್ಟು, ಆ ಶುಲ್ಕದ ಮೇಲೆ ಜಿಎಸ್‌ಟಿ ಇಷ್ಟು ಅಂತ. ಇದು ಸರ್ಕಾರಕ್ಕೆ ಹೋಗುವ ಹಣವಲ್ಲ, ಕೊರಿಯರ್ ಕಂಪನಿಯ ದುಡಿಮೆ. ಸಾಮಾನು ಸಣ್ಣದಿದ್ದಾಗ ಸುಂಕಕ್ಕಿಂತ ಈ ಶುಲ್ಕವೇ ಜಾಸ್ತಿ ಆಗುವುದುಂಟು. ನನಗೆ ಸಿಟ್ಟು ಬರುವುದು ಇದಕ್ಕೆ. ಸುಂಕ ಕಾನೂನು, ಒಪ್ಪೋಣ. ಈ ಶುಲ್ಕವನ್ನು ಸಾಮಾನು ಮಾರುವಾಗಲೇ ದಪ್ಪ ಅಕ್ಷರದಲ್ಲಿ ಹೇಳಿದರೆ ಏನು ಕಷ್ಟ?

ಅಂಚೆಯಲ್ಲಿ ಬಂದರೆ ಕಥೆ ಸ್ವಲ್ಪ ಬೇರೆ. ಸಾಮಾನು ವಿದೇಶಿ ಅಂಚೆ ಕಚೇರಿಗೆ ಬರುತ್ತದೆ, ಅಲ್ಲೇ ಕಸ್ಟಮ್ಸ್‌ನವರು ಕೂತಿರುತ್ತಾರೆ. ಸುಂಕ ಬರೆದು ಕಳಿಸುತ್ತಾರೆ, ಪೋಸ್ಟ್‌ಮನ್ ಪಾರ್ಸಲ್ ಕೊಟ್ಟು ಹಣ ತಗೊಳ್ಳುತ್ತಾನೆ. ರಸೀದಿ ಕೇಳಿ ಪಡೆಯಿರಿ. ಅಂಚೆಯ ದಾರಿ ನಿಧಾನ, ಆದರೆ ಜೇಬಿಗೆ ಹಗುರ. ಅವಸರ ಇಲ್ಲದ ಸಣ್ಣ ಸಾಮಾನಿಗೆ ನಾನಾದರೆ ಅಂಚೆಯನ್ನೇ ಆರಿಸುತ್ತೇನೆ.

ಹಾಗಾದರೆ ಆರ್ಡರ್ ಮಾಡುವ ಮೊದಲು ಏನು ನೋಡಬೇಕು? ಹಣ ಕಟ್ಟುವ ಪುಟದಲ್ಲಿ ಆಮದು ಶುಲ್ಕ ಸೇರಿದೆಯೋ ಇಲ್ಲವೋ ಅದನ್ನು ಹುಡುಕಿ. ಡಿಡಿಪಿ ಅಂತ ಬರೆದಿದ್ದರೆ ಸುಂಕ ಮಾರುವವನೇ ಕಟ್ಟುತ್ತಾನೆ, ಬಾಗಿಲಲ್ಲಿ ಮತ್ತೆ ಕೊಡಬೇಕಿಲ್ಲ. ಡಿಡಿಯು, ಡಿಎಪಿ ಅಂತಿದ್ದರೆ ಸುಂಕ ನಿಮ್ಮ ತಲೆಗೆ. ಏನೂ ಬರೆದಿಲ್ಲ ಅಂದರೂ ನಿಮ್ಮ ತಲೆಗೇ ಅಂತ ತಿಳಿಯಿರಿ. ಕೊರಿಯರ್‌ನವರು ಆಧಾರ್‌ನಂಥ ಗುರುತಿನ ದಾಖಲೆ ಕೇಳುತ್ತಾರೆ, ಅದು ನಿಯಮವೇ. ಒಮ್ಮೊಮ್ಮೆ ಬೆಲೆಗೆ ಪುರಾವೆ ಕೊಡಿ ಅಂತ ಕಾಗದವೂ ಬರುತ್ತದೆ. ಬಿಲ್ಲು, ಕಾರ್ಡಿನಿಂದ ಹಣ ಹೋದ ವಿವರ ಕಳಿಸಿದರೆ ಆಯಿತು. ಸುಮ್ಮನೆ ಕೂತರೆ ಪಾರ್ಸಲ್ಲು ವಾಪಸ್ ಹೋಗುತ್ತದೆ.

ಕೆಲವು ವಿದೇಶಿ ಅಂಗಡಿಯವರು ತಾವಾಗಿಯೇ ಜಾಣತನ ತೋರಿಸುತ್ತಾರೆ. ಪಾರ್ಸಲ್ಲಿನ ಮೇಲೆ ಸಿಎನ್ 22 ಅನ್ನುವ ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿ ಇನ್ನೂರು ಡಾಲರ್ ಸಾಮಾನಿಗೆ ಹತ್ತು ಡಾಲರ್ ಅಂತ ಬರೆದು, ಉಡುಗೊರೆ ಅನ್ನುವ ಚೌಕಕ್ಕೆ ಟಿಕ್ ಹಾಕುತ್ತಾರೆ. ಇದನ್ನು ಉಪಕಾರ ಅಂತ ತಿಳಿಯಬೇಡಿ. ಬೆಲೆ ನಂಬುವ ಹಾಗಿಲ್ಲ ಅನ್ನಿಸಿದರೆ ಅದನ್ನು ಬದಿಗಿಟ್ಟು ಬೇರೆ ಬೆಲೆ ನಿಗದಿ ಮಾಡುವ ಅಧಿಕಾರ ಕಸ್ಟಮ್ಸ್‌ಗೆ ಇದೆ. ಇಂಟರ್‌ನೆಟ್ ಅವರ ಹತ್ತಿರವೂ ಇದೆಯಲ್ಲ. ಸುಳ್ಳು ಬರೆದ ಸಾಮಾನು ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ನೀವು, ಆ ಅಂಗಡಿಯವನಲ್ಲ.

ಉಡುಗೊರೆ ಅಂದೆ. 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇಲ್ಲ ಅಂತ ಇನ್ನೂ ಜನ ಹೇಳುತ್ತಾರೆ. ಅದು ಹಳೆಯ ಮಾತು. ಉಡುಗೊರೆ ಅಂತ ಸುಳ್ಳು ಹೇಳಿ ವ್ಯಾಪಾರದ ಸಾಮಾನು ತರಿಸುವುದು ವಿಪರೀತ ಆಯಿತು, 2019ರ ಡಿಸೆಂಬರಿನಲ್ಲಿ ಆ ಬಾಗಿಲು ಮುಚ್ಚಿತು. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆ ಬರುತ್ತದೆ, ಪುಕ್ಕಟೆ ಬರುವುದಿಲ್ಲ. ಜೀವ ಉಳಿಸುವ ಔಷಧಿ, ರಾಖಿ ಇವೆರಡನ್ನು ಆಗ ಬಿಟ್ಟುಕೊಟ್ಟರು. ಸುಂಕದ ಮೊತ್ತ ನೂರು ರೂಪಾಯಿ ಮೀರದಿದ್ದರೆ ಕಾನೂನಿನ ಪ್ರಕಾರ ಅದನ್ನು ವಸೂಲಿ ಮಾಡುವುದೂ ಇಲ್ಲ. ಹಾಗಾಗಿ ಅಮೆರಿಕದ ತಂಗಿಯ ರಾಖಿ ಬಂದೇ ಬರುತ್ತದೆ. ರಾಖಿಯ ಜೊತೆ ತುಟ್ಟಿ ವಾಚು ಇಟ್ಟು ಕಳಿಸಿದ್ದರೆ ವಾಚಿನ ಸುಂಕಕ್ಕೆ ಅಣ್ಣ ರೊಕ್ಕ ಎಣಿಸಬೇಕು.

ಕೊರೊನಾ ಎರಡನೇ ಅಲೆಯಲ್ಲಿ ಈ ವಿಷಯ ಎಲ್ಲಿಗೆ ಹೋಯಿತು ಗೊತ್ತಾ? ಹೊರದೇಶದ ಮಕ್ಕಳು, ನೆಂಟರು ಆಮ್ಲಜನಕದ ಯಂತ್ರ ಕಳಿಸಲು ಶುರು ಮಾಡಿದರು. ಸ್ವಂತ ಬಳಕೆಗೆ ಬರುವ ಯಂತ್ರಕ್ಕೆ ಐಜಿಎಸ್‌ಟಿಯೇ ಶೇಕಡಾ 28 ಇತ್ತು. 2021ರ ಮೇ ತಿಂಗಳಲ್ಲಿ ಅದನ್ನು 12ಕ್ಕೆ ಇಳಿಸಿದರು. ಅದೂ ಬೇಡ ಅಂತ 85 ವರ್ಷದ ಹಿರಿಯರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಅವರ ಸಂಬಂಧಿಕ ಹುಡುಗನೊಬ್ಬ ಅಮೆರಿಕದಿಂದ ಉಡುಗೊರೆಯಾಗಿ ಕಳಿಸಿದ ಯಂತ್ರ ಅದು. ಉಡುಗೊರೆ ಬಂದ ಯಂತ್ರಕ್ಕೆ ಈ ತೆರಿಗೆ ಸಂವಿಧಾನಕ್ಕೆ ವಿರುದ್ಧ ಅಂತ ಹೈಕೋರ್ಟ್ ಹೇಳಿತು. ಕೆಲವೇ ದಿನದಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಔಷಧಿಯ ವಿಷಯದಲ್ಲಿ ಒಂದು ಮಾತು ಜೋರಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯಲ್ಲಿ ಯಾರಿಗಾದರೂ ಅಪರೂಪದ ಕಾಯಿಲೆ ಇದ್ದು, ಅದು ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿದ್ದರೆ, ಅದಕ್ಕೆ ಹೊರದೇಶದಿಂದ ತರಿಸುವ ಔಷಧಿಗೆ, ವಿಶೇಷ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಸುಂಕದ ವಿನಾಯಿತಿ ಕೊಟ್ಟಿದ್ದಾರೆ. ಅದಕ್ಕೆ ಪ್ರಮಾಣಪತ್ರ ಬೇಕು. ದೆಹಲಿಗೋ ಬೆಂಗಳೂರಿಗೋ ಓಡಬೇಕಿಲ್ಲ, ಜಿಲ್ಲೆಯ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ಕೊಡಬಹುದು. ಔಷಧಿ ಬಂದು ಕೂತ ಮೇಲೆ ಓಡಾಡುವುದಕ್ಕಿಂತ ತರಿಸುವ ಮೊದಲೇ ಮಾಡಿಸಿಕೊಳ್ಳಿ.

ಸುಂಕ ಕಟ್ಟಿದರೂ ಬರದ ಸಾಮಾನೂ ಇವೆ. ಮದುವೆ ಫೋಟೊ ತೆಗೆಯುವ ಹುಡುಗರೇ, ಡ್ರೋನ್ ತರಿಸಬೇಡಿ, 2022ರ ಫೆಬ್ರವರಿಯಿಂದ ತಯಾರಾದ ಡ್ರೋನ್ ಆಮದು ನಿಷೇಧ. ಇ-ಸಿಗರೇಟು 2019ರಿಂದಲೇ ನಿಷೇಧ. ರೈತ ಬಾಂಧವರೇ, ಮೊಬೈಲಿನಲ್ಲಿ ಬಣ್ಣ ಬಣ್ಣದ ಕಾಯಿ ತೋರಿಸಿ ವಿದೇಶಿ ಬೀಜ ಮಾರುತ್ತಾರೆ. ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಬೀಜ ತರುವ ಹಾಗಿಲ್ಲ. ತೊಗರಿ ನಾಡಿಗೆ ಯಾವುದೋ ಹೊಸ ರೋಗ ಒಂದು ಪೊಟ್ಟಣದಲ್ಲಿ ಬಂದುಬಿಟ್ಟರೆ ಯಾರ ಹೊಲ ಅಂತ ಕೇಳುತ್ತದೆಯೇ? ಇನ್ನು ಅಂಗಡಿಯಲ್ಲಿ ಮಾರಲು ತರಿಸುವವರಿಗೆ ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್ ಬೇಕು. ಸ್ವಂತ ಬಳಕೆಗೆ ಬೇಡ. ಒಂದೇ ಬಗೆಯ ಮೊಬೈಲ್ ಕವರ್ ಐವತ್ತು ತರಿಸಿ ಸ್ವಂತಕ್ಕೆ ಅಂದರೆ ಯಾರೂ ನಂಬುವುದಿಲ್ಲ.

ಬೇರೆ ದೇಶದವರೂ ನಮ್ಮ ಸಾಮಾನಿಗೆ ಹೀಗೇ ಮಾಡುತ್ತಾರೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸಲ್ಲಿಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಅದು ಹೋಯಿತು. ಲೆಕ್ಕ ಹೇಗೆ, ವಸೂಲಿ ಯಾರು ಅಂತ ತಿಳಿಯದೆ ನಮ್ಮ ಅಂಚೆ ಇಲಾಖೆ ಅಮೆರಿಕದ ಪಾರ್ಸಲ್ ತಗೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಿತು. ಬೀದರಿನಿಂದ ಬಿದರಿ ಹೂದಾನಿ ಕಳಿಸುವವರು ಗಿರಾಕಿಗೆ ಬೆಲೆಯ ಜೊತೆ ಅಲ್ಲಿನ ಸುಂಕವನ್ನೂ ಹೇಳಿಬಿಡುವುದು ಒಳ್ಳೆಯದು. ಅಲ್ಲಿಯ ಬಾಗಿಲಲ್ಲೂ ಇದೇ ಜಗಳ ಆಗುತ್ತದೆ.

ಕೊನೆಗೆ ಕಳ್ಳರ ವಿಷಯ. ಸುಂಕದ ಹೆಸರಿನಲ್ಲಿ ಸುಂಕಕ್ಕಿಂತ ದೊಡ್ಡ ಹಣ ಹೋಗುವುದು ಇಲ್ಲಿ.

ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಲಂಡನ್ ಗೆಳೆಯ ಬಂಗಾರ, ಪೌಂಡು ತುಂಬಿದ ಪೆಟ್ಟಿಗೆ ಕಳಿಸಿದ್ದಾನಂತೆ. ಮರುದಿನ ಹಿಂದಿಯಲ್ಲಿ ಫೋನು, "ಕಸ್ಟಮ್ಸ್ ಆಫೀಸಿನಿಂದ ಮಾತಾಡುತ್ತಿದ್ದೇನೆ, 35,000 ಕಟ್ಟಿ." ಕಟ್ಟಿದರೆ ಇನ್ನೊಂದು ಫೋನು, ಇನ್ನೊಂದು ದಂಡ. ಇನ್ನೊಂದು ಬಗೆಯಲ್ಲಿ ನಿಮ್ಮ ಆಧಾರ್ ಹಾಕಿ ಕಳಿಸಿದ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಅನ್ನುತ್ತಾರೆ. ವಿಡಿಯೊ ಕಾಲಿನಲ್ಲಿ ಖಾಕಿ ಹಾಕಿದವನು ಕೂತಿರುತ್ತಾನೆ, ಕೋಣೆ ಬಿಟ್ಟು ಹೊರಗೆ ಬರಬೇಡಿ ಅನ್ನುತ್ತಾನೆ. ವಿಡಿಯೊದಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ಫೋನ್ ಇಟ್ಟುಬಿಡಿ, ಅಷ್ಟೇ. ಮೂರನೆಯದು ಸಣ್ಣದು, ಆದರೆ ಬಹಳ ಜನ ಬೀಳುತ್ತಾರೆ. ಅಂಚೆ ಇಲಾಖೆಯ ಹೆಸರಿನಲ್ಲಿ ಮೆಸೇಜು, ನಿಮ್ಮ ವಿಳಾಸ ಸರಿಯಿಲ್ಲ, 48 ಗಂಟೆಯೊಳಗೆ ಈ ಲಿಂಕ್ ಒತ್ತಿ ಅಂತ. ಅಂಚೆ ಇಲಾಖೆ ಅಂಥ ಮೆಸೇಜು ಕಳಿಸುವುದಿಲ್ಲ.

ಕಸ್ಟಮ್ಸ್ ಅಧಿಕಾರಿ ಫೋನ್ ಮಾಡಿ ಯಾರದೋ ಬ್ಯಾಂಕ್ ಖಾತೆಗೋ ಯುಪಿಐಗೋ ಹಣ ಹಾಕಿ ಅನ್ನುವುದಿಲ್ಲ. ಇಲಾಖೆಯ ಕಾಗದಕ್ಕೆ 2019ರ ನವೆಂಬರಿನಿಂದ ಡಿಐಎನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ ನೋಡಿದರೆ ಕಾಗದ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ನಿಜವಾಗಿ ಸಾಮಾನು ತರಿಸಿದ್ದರೆ ನಿಮ್ಮ ಹತ್ತಿರ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಅಂಚೆಯದಾದರೆ ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಬಂದ ಲಿಂಕ್ ಒತ್ತದೆ, ಕಂಪನಿಯ ವೆಬ್‌ಸೈಟು ನೀವೇ ತೆರೆದು ಆ ನಂಬರ್ ಹಾಕಿ. ಅಲ್ಲಿ ಸುಂಕ ತೋರಿಸಿದರೆ ಕಟ್ಟಿ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ, ಆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಫೋನ್ ಮಾಡುವಾಗ ಹಣ ಹೋದ ಹೊತ್ತು, ಬ್ಯಾಂಕಿನಿಂದ ಬಂದ ಮೆಸೇಜಿನ ವ್ಯವಹಾರ ಸಂಖ್ಯೆ ಕೈಯಲ್ಲಿ ಇಟ್ಟುಕೊಂಡಿರಿ, ಅವರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.